ಜಾಮ್ ಬಿಡಿಸುವುದು: ಹಳೆಯ ರೆಕಾರ್ಡ್ ಪ್ಲೇಯರ್‌ಗೆ ಮೊದಲ ಚಿಕಿತ್ಸೆ

ಹಳೆಯ ಆಡಿಯೊ ಸಾಮಾನು ರಿಪೇರಿ ಮಾಡುವವರು ‘ಮೊದಲು ಜಾಮ್ ಬಿಡಿಸಬೇಕು’ ಎಂದರೆ ಒಳಗೆ ಏನೋ ಮುರಿದಿದೆ ಎಂದಲ್ಲ. ಎಷ್ಟೋ ಸಲ ತುಕ್ಕು ಕೂಡ ಕಾರಣವಲ್ಲ. ತಿರುಗಬೇಕಾದ ಭಾಗವನ್ನು ಅದಕ್ಕೆ ಹಚ್ಚಿದ್ದ ಗ್ರೀಸೇ ಹಿಡಿದು ನಿಲ್ಲಿಸಿರುತ್ತದೆ.

ಗ್ರೀಸ್‌ನಲ್ಲಿ ಇರುವುದು ಎಣ್ಣೆ ಮತ್ತು ಅದನ್ನು ಹಿಡಿದಿಡುವ ಒಂದು ಬಗೆಯ ಸೋಪು. ವರ್ಷ ಕಳೆದಂತೆ ಎಣ್ಣೆ ಸೋರಿ, ಆರಿಹೋಗುತ್ತದೆ. ಉಳಿದದ್ದು ಗಾಳಿ ತಾಗಿ ಮೇಣದ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ‘ಬಳಸದೆ ಇಟ್ಟಿದ್ದು, ಹೊಸದರಂತಿದೆ’ ಎಂದು ಮಾರುವ ಮಷೀನನ್ನು ನಾನು ಸುಮ್ನೆ ನಂಬುವುದಿಲ್ಲ.

ಜರ್ಮನಿಯ ಡ್ಯುಯಲ್ ಕಂಪನಿಯ 1219 ಇದಕ್ಕೆ ಒಳ್ಳೆಯ ಉದಾಹರಣೆ. 1960ರ ದಶಕದ ಕೊನೆಯಲ್ಲಿ ಬಂದ ಆಟೊಮ್ಯಾಟಿಕ್ ಟರ್ನ್‌ಟೇಬಲ್ ಇದು. ಟೋನ್‌ಆರ್ಮ್, ಅಂದರೆ ಮುಳ್ಳು ಹೊತ್ತ ಕೈ, ಎತ್ತುವುದು, ಒಳಗೆ ತರುವುದು, ಇಳಿಸುವುದು ಎಲ್ಲವನ್ನೂ ಅಡಿಯಲ್ಲಿರುವ ಒಂದು ದೊಡ್ಡ ಕ್ಯಾಮ್ ಚಕ್ರ (ತಿರುಗುತ್ತ ಲಿವರ್‌ಗಳನ್ನು ತಳ್ಳುವ ಚಕ್ರ) ಮತ್ತು ಹತ್ತಾರು ಲಿವರ್‌ಗಳು ಮಾಡುತ್ತವೆ. ಒಂದು ಲಿವರ್ ಅಂಟಿಕೊಂಡರೂ ಆರ್ಮ್ ಅರ್ಧದಲ್ಲೇ ನಿಲ್ಲುತ್ತದೆ. ಆಗ ಕೈಯಿಂದ ತಿರುಗಿಸಿ ಬಿಡಿಸೋಣ ಅನಿಸುತ್ತದೆ, ಅಲ್ವಾ? ಬೇಡ. ಲಿವರ್ ಬಗ್ಗುತ್ತದೆ, ಎರಕದ ಭಾಗವಾದರೆ ಮುರಿಯುತ್ತದೆ.

ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಡಿ, ಗ್ರೀಸ್ ಮೆದುವಾಗುತ್ತದೆ. ಭಾಗ ಸಡಿಲವಾದ ಮೇಲೆ ಅದನ್ನು ಹಿಡಿದಿಟ್ಟ ಸಣ್ಣ ಸರ್ಕ್ಲಿಪ್ ತೆಗೆದು ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೆಯ ಬ್ರಶ್ ಅದ್ದಿ ಉಜ್ಜಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಆರುವ ತನಕ ಡ್ರೈಯರ್ ಕೂಡ ಬೇಡ. ಥಿನ್ನರ್, ಅಸಿಟೋನ್ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತವೆ. ಬಿಚ್ಚದೆ ಡಬ್ಲ್ಯೂಡಿ-40 ಸ್ಪ್ರೇ ಹೊಡೆಯುವವರು ಬಹಳ ಮಂದಿ. 1953ರಲ್ಲಿ ಅಮೆರಿಕದಲ್ಲಿ ಅದನ್ನು ತಯಾರಿಸಿದ್ದು ಲೋಹದಿಂದ ನೀರು ದೂರವಿಡಲು, ಗ್ರೀಸ್‌ನ ಬದಲಿಗೆ ಅಲ್ಲ. ಇವತ್ತು ಲಿವರ್ ಓಡುತ್ತದೆ, ಸ್ವಲ್ಪ ಕಾಲದಲ್ಲಿ ಮತ್ತೆ ಅದೇ ಕಥೆ. ಇನ್ನು ಕೊಬ್ಬರಿ ಎಣ್ಣೆಯಂತೂ ಚಳಿಗೆ ತಾನೇ ಹೆಪ್ಪುಗಟ್ಟುತ್ತದೆ!

ತೊಳೆದ ಮೇಲೆ ಹೊಸ ಎಣ್ಣೆ ಬೇಕೇ ಬೇಕು, ಆದರೆ ಹನಿಯಷ್ಟು ಮಾತ್ರ. ಮೋಟಾರ್‌ನ ದಂಡ ತಿರುಗುವ ಕಂಚಿನ ಬುಶ್ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿದ್ದು, ಎಣ್ಣೆ ಅಲ್ಲೇ ಇಂಗಿರುತ್ತದೆ. ತೊಳೆದರೆ ಅದೂ ಹೋಗುತ್ತದೆ, ಮತ್ತೆ ಎಣ್ಣೆಯಲ್ಲಿ ನೆನೆಸಬೇಕು.

ನಿಧಾನವಾದದ್ದೆಲ್ಲ ಜಾಮ್ ಅಲ್ಲ. ಆರ್ಮ್ ಎತ್ತಿ ಇಳಿಸಲು ಮೇಲಿರುವ ಲಿವರ್ ಇಳಿಸಿದಾಗ ಅದು ತೇಲಿದಂತೆ ಕೆಳಗೆ ಬರುವುದು ಒಳಗಿನ ದಪ್ಪ ಸಿಲಿಕೋನ್ ದ್ರವದಿಂದ. ಅದನ್ನು ಕೊಳೆ ಎಂದು ಒರೆಸಿಬಿಟ್ಟರೆ ಮುಳ್ಳು ರೆಕಾರ್ಡಿನ ಮೇಲೆ ಧಡ್ ಎಂದು ಬೀಳುತ್ತದೆ. ಎಲ್ಲ ಸರಿಯಾಗಿ ಓಡಿದರೂ ಆರ್ಮ್ ಮೇಲೆದ್ದು ಒಳಗೆ ಬರದಿದ್ದರೆ ‘ಸ್ಟಾಯರ್‌ಪಿಂಪೆಲ್’ ನೋಡಿ. ಸಣ್ಣ ಟೊಪ್ಪಿಯಂಥ ಭಾಗ ಅದು. ಹಳತಾದಾಗ ಪುಡಿಯಾಗುತ್ತದೆ, ಹೊಸದು ಹಾಕಬೇಕು.

ಮೋಟಾರ್‌ನ ಓಟವನ್ನು ಪ್ಲ್ಯಾಟರ್‌ಗೆ (ರೆಕಾರ್ಡ್ ಇಡುವ ತಟ್ಟೆಗೆ) ಮುಟ್ಟಿಸುವ ಐಡ್ಲರ್ ಚಕ್ರದ ರಬ್ಬರ್ ಅಂಚಿಗೂ ಅದು ತಾಗುವ ಪ್ಲ್ಯಾಟರ್‌ನ ಒಳಮೈಗೂ ಎಣ್ಣೆ ಸೋಕಲೇಬಾರದು. ಸೋಕಿದರೆ ಚಕ್ರ ಜಾರಿ, ಹಾಡು ಎಳೆಯುತ್ತದೆ.