ಲಂಟಾನದ ಬುಡ ಎಲ್ಲಿ ಕಡಿಯಬೇಕು: ಬದು-ಬೇಲಿ ಟಿಪ್ಪಣಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಖುಷ್ಕಿ ಹೊಲದಲ್ಲಿ ಹಕ್ಕಿ, ಜೇನು, ಮೊಲಗಳಿಗೆ ಬಿಡಬಹುದಾದ ಜಾಗ ಮೂರೇ: ಬದು, ಬೇಲಿ, ಉಳಲಾಗದ ಕಲ್ಲುಗುಟ್ಟೆ. ಎಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಅವರೆಯನ್ನೋ ಹುಚ್ಚೆಳ್ಳನ್ನೋ ಹಾಕಿದರೆ ಜೇನಿಗೆ ಹೂವಾಯಿತು. ಅದು ಗೊತ್ತಿರುವುದೇ. ಕಷ್ಟವಿರುವುದು ಬೇಲಿಯನ್ನೇ ನುಂಗಿ ಕೂತಿರುವ ಲಂಟಾನವೆಂಬ ಕಳೆಪೊದೆಯಲ್ಲಿ.

ಕಡಿದಷ್ಟೂ ಚಿಗುರುವುದೇಕೆ

ಮಚ್ಚಿನಲ್ಲಿ ನೆಲಮಟ್ಟಕ್ಕೆ ಸವರಿದರೆ ಮುಂದಿನ ಮಳೆಗೆ ಒಂದು ಕಾಂಡ ಇದ್ದಲ್ಲಿ ಐದಾರು ಏಳುತ್ತವೆ. ಬೆಂಕಿ ಇಟ್ಟರೂ ಅದೇ ಕಥೆ. ಕಾರಣ ಬುಡದಲ್ಲಿದೆ. ಕಾಂಡ ಮುಗಿದು ಬೇರು ಶುರುವಾಗುವ ಗಂಟಿನಲ್ಲಿ ಮಲಗಿದ ಮೊಗ್ಗುಗಳಿರುತ್ತವೆ; ಮೇಲಿನದು ಹೋದ ಕೂಡಲೇ ಅವು ಏಳುತ್ತವೆ. ಆ ಗಂಟು ಇರುವುದು ಮಣ್ಣಿನ ಮೇಲ್ಪದರದ ಒಳಗೆ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಅದರ ಕೆಳಗಿನ ತಾಯಿಬೇರು ಮಾತ್ರ ಚಿಗುರುವುದಿಲ್ಲ.

ಹಾಗಾಗಿ ಕಡಿಯಬೇಕಾದ್ದು ನೆಲದ ಮೇಲೂ ಅಲ್ಲ, ಆಳದಲ್ಲೂ ಅಲ್ಲ. ಮಣ್ಣಿನೊಳಗೆ 3ರಿಂದ 5 ಸೆಂ.ಮೀ., ಅಂದರೆ ಎರಡು-ಮೂರು ಬೆರಳು ಕೆಳಗೆ. ಪೂರ್ತಿ ಬೇರು ಅಗೆಯುವ ಶ್ರಮ ಬೇಕಿಲ್ಲ. ಬುಡದ ಸುತ್ತ ಮಣ್ಣನ್ನು ಗುದ್ದಲಿಯಲ್ಲಿ ಸ್ವಲ್ಪ ಸರಿಸಿ, ಗಂಟು ಕಂಡ ಮೇಲೆ ಅದರ ಕೆಳಗೆ ಪಿಕಾಸಿಯನ್ನು ಓರೆಯಾಗಿ ಹಾಕಿ ತಾಯಿಬೇರು ತುಂಡರಿಸಿ. ಕಾರ್ಬೆಟ್ ಹುಲಿ ಅರಣ್ಯದಲ್ಲಿ ದಿಲ್ಲಿ ವಿಶ್ವವಿದ್ಯಾಲಯದವರು ನಡೆಸಿದ ಕ್ರಮ ಇದು. ಗಂಟಿನ ಚೂರು ಮಣ್ಣಲ್ಲಿ ಉಳಿಯಿತೋ, ಮಾಡಿದ ಕೆಲಸವೆಲ್ಲ ವ್ಯರ್ಥ. ಕಿತ್ತ ಪೊದೆಯನ್ನು ತಲೆಕೆಳಗು ಮಾಡಿ, ಬುಡ ಬಿಸಿಲಿಗೆ ಬರುವಂತೆ ಬಂಡೆಯ ಮೇಲೋ ಒಣ ಪೊದೆಯ ಮೇಲೋ ಇಡಿ. ಹಸಿ ಮಣ್ಣಿಗೆ ತಾಗಿದರೆ ಕೊಂಬೆಯೂ ಬೇರು ಬಿಡುತ್ತದೆ.

ಇನ್ನೊಂದು ಎಡವಟ್ಟು ಬಗ್ಗಿದ ಕೊಂಬೆಯದು. ಹಳೆ ಪೊದೆಯ ಕೊಂಬೆ ಬಾಗಿ ನೆಲ ಮುಟ್ಟಿದ ಕಡೆಯೆಲ್ಲ ಬೇರೂರಿರುತ್ತದೆ. ನಡುವಿನ ಬುಡವೊಂದನ್ನೇ ಕಿತ್ತರೆ ಸುತ್ತಲಿನವು ಆರಾಮಾಗಿ ಬದುಕುತ್ತವೆ. ಮೊದಲು ಕೊಂಬೆ ಎತ್ತಿ ನೋಡಿ. ಬೇರೂರಿದ ಪ್ರತಿಯೊಂದು ಜಾಗವನ್ನೂ ಬೇರೆ ಗಿಡವೆಂದೇ ಎಣಿಸಿ. ಜೆಸಿಬಿ ಕರೆಸುವುದು ಬೇಡ. ಮಣ್ಣು ಮಗುಚಿದರೆ ಕೆಳಗಿದ್ದ ಬೀಜ ಮೇಲೆ ಬಂದು ಮೊಳೆಯುತ್ತದೆ.

ಯಾವಾಗ, ಎಷ್ಟು

ಅಶ್ವಿನಿ, ಭರಣಿ ಮಳೆ (ಏಪ್ರಿಲ್-ಮೇ) ಬಿದ್ದು ಎರಡು ದಿನ ಬಿಟ್ಟರೆ ನೆಲ ಮೆತ್ತಗಿರುತ್ತದೆ, ಮೇಲೆ ಬಿಸಿಲೂ ಇರುತ್ತದೆ. ಕಾಯಿ ಹಣ್ಣಾಗಿದ್ದರೆ ಪೊದೆಯನ್ನು ಎಳೆದೊಯ್ಯಬೇಡಿ, ದಾರಿಯುದ್ದಕ್ಕೂ ಬಿತ್ತಿದಂತೆ ಆಗುತ್ತದೆ. ಅದೇ ಹೊತ್ತಿಗೆ ಪಿಕಳಾರ ಪೊದೆಯೊಳಗೆ ಗೂಡು ಕಟ್ಟಿರುತ್ತದೆ. ಗೂಡಿದ್ದ ಪೊದೆಯನ್ನು ಮರಿ ಹಾರುವವರೆಗೆ ಬಿಡಲೇಬೇಕು. ಇಡೀ ಬೇಲಿಯನ್ನು ಒಂದೇ ವರ್ಷ ಬೋಳಿಸಿದರೆ ಕೌಜುಗ, ಮೊಲ, ಮುಂಗುಸಿಗೆ ಮರೆಯೇ ಇರುವುದಿಲ್ಲ; ವರ್ಷಕ್ಕೆ ಮೂರನೇ ಒಂದು ಭಾಗ ಸಾಕು.

ಮುಂದಿನ ಎರಡು ಮಳೆಗಾಲ ಸಸಿ ಹುಡುಕಿ ಕೀಳಬೇಕು. ಎಲ್ಲೆಲ್ಲೂ ಹುಡುಕಬೇಡಿ. ಹಣ್ಣು ತಿಂದ ಹಕ್ಕಿ ಕೂರುವ ಬೇವು, ಹೊಂಗೆಯ ಕೆಳಗೆ, ಬೇಲಿ ಕಂಬದ ಬುಡದಲ್ಲಿ ನೋಡಿ. ಹೆಚ್ಚಿನವು ಅಲ್ಲೇ ಸಿಗುತ್ತವೆ.

ಖಾಲಿ ಜಾಗಕ್ಕೆ

ಕಿತ್ತ ಜಾಗವನ್ನು ಬರಿದೇ ಬಿಟ್ಟರೆ ಲಂಟಾನವೋ ಪಾರ್ಥೇನಿಯಮ್ಮೋ ಬಂದು ಕೂರುತ್ತದೆ. ಆಡು ಓಡಾಡುವ ಕಡೆ ಬಂದರಿಕೆ, ತಂಗಡಿ ಗಿಡ ಹಾಕಿ, ಅವಕ್ಕೆ ಆಡು ಬಾಯಿ ಹಾಕುವುದು ಕಡಿಮೆ. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಮರಳಲ್ಲಿ ಉಜ್ಜಿ ಒಂದು ರಾತ್ರಿ ನೆನೆಸಿ ಬಿತ್ತಿ. ಲಕ್ಕಿ ಕಡ್ಡಿ ನೆಟ್ಟರೂ ಬರುತ್ತದೆ. ಹಣ್ಣಿಗೆ ಕಾರೆ, ಕವಳಿ, ಎಲಚಿ. ಒಂದೂವರೆ ಅಡಿಗೊಂದರಂತೆ ಎರಡು ಸಾಲು, ಎದುರುಬದುರು ಬಾರದ ಹಾಗೆ.

ಹುಲ್ಲು ಬೆಳೆದ ಬಯಲಲ್ಲಿ ಮಾತ್ರ ಗಿಡ ನೆಡಬೇಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗ ಉಳಿದಿರುವುದು ತೆರೆದ ಹುಲ್ಲುಗಾವಲು ಇರುವುದರಿಂದ. ಹಳೆ ಹುಣಸೆ ಕಡಿಯುವ ಮೊದಲೂ ಯೋಚಿಸಿ: ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲೇ.