ಓದುಗರ ಪ್ರಶ್ನೆ: ಆರು ಲಕ್ಷ ಕಡಿಮೆಗೆ ಸಿಗುವ ಬಿ-ಖಾತಾ ಫ್ಲ್ಯಾಟ್ ನಮ್ಮ ಮೊದಲ ಮನೆಯಾಗಬಹುದೇ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇಬ್ಬರ ಕೈಗೆ ಬರುವ ಸಂಬಳ ಸೇರಿ ತಿಂಗಳಿಗೆ 85,000 ರೂಪಾಯಿ. ಎರಡು ವರ್ಷದ ಮಗಳಿದ್ದಾಳೆ. ಬೆಂಗಳೂರಿನ ದಾಸರಹಳ್ಳಿಯ ಹತ್ತಿರ 16,000 ರೂಪಾಯಿ ಬಾಡಿಗೆಗೆ ಇದ್ದೇವೆ. ನಮ್ಮ ಉಳಿತಾಯ 12 ಲಕ್ಷ. ಮಾವನವರು ಊರಿನಿಂದ 3 ಲಕ್ಷ ಕೊಡುತ್ತೇನೆ ಎಂದಿದ್ದಾರೆ. ಎರಡು ಮನೆ ನೋಡಿದ್ದೇವೆ. ಒಂದು, 40x60 ನಿವೇಶನದಲ್ಲಿ ಹೊಸದಾಗಿ ಕಟ್ಟಿದ ಎಂಟು ಮನೆಗಳ ಕಟ್ಟಡದ ಮೂರನೇ ಮಹಡಿಯ ಫ್ಲ್ಯಾಟ್, 38 ಲಕ್ಷ. ಅದು ಬಿ-ಖಾತಾ (ಕೊರತೆ ಇರುವ ಆಸ್ತಿಗಳ ತೆರಿಗೆ ವಹಿಯಲ್ಲಿರುವುದು), ಪ್ಲಾನ್ ಇರುವುದು ಎರಡನೇ ಮಹಡಿಯವರೆಗೆ ಮಾತ್ರ, ಒಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಇಲ್ಲ. ಬ್ಯಾಂಕ್ ಸಾಲ ಕೊಡುವುದಿಲ್ಲ ಎಂದಿತು. ಬಿಲ್ಡರ್ ಕಡೆಯವರು ಫೈನಾನ್ಸ್ ಕಂಪನಿಯೊಂದರಿಂದ ಶೇ 11.5 ಬಡ್ಡಿಗೆ 30 ಲಕ್ಷ ಕೊಡಿಸುತ್ತಾರಂತೆ. ಇನ್ನೊಂದು, ಹನ್ನೊಂದು ವರ್ಷ ಹಳೆಯ ಚಿಕ್ಕ ಫ್ಲ್ಯಾಟ್, 44 ಲಕ್ಷ, ಎ-ಖಾತಾ (ಸಕ್ರಮ ಆಸ್ತಿಗಳ ಖಾತೆ), ಒಸಿ ಇದೆ. ಬ್ಯಾಂಕ್ ಶೇ 8.5ರಂತೆ 35 ಲಕ್ಷ ಕೊಡಲು ಒಪ್ಪಿದೆ. ಹೊಸ ಮನೆ ದೊಡ್ಡದು, ಬೆಳಕೂ ಚೆನ್ನಾಗಿದೆ. ಶನಿವಾರದೊಳಗೆ ಒಂದು ಲಕ್ಷ ಟೋಕನ್ ಕೊಡಬೇಕು ಎನ್ನುತ್ತಿದ್ದಾರೆ. ಏನು ಮಾಡೋಣ?

ಉತ್ತರ: ಶನಿವಾರ ಟೋಕನ್ ಕೊಡಬೇಡಿ. ಹಳೆಯ ಫ್ಲ್ಯಾಟಿನ ಕಾಗದಪತ್ರಗಳನ್ನು ವಕೀಲರಿಗೆ ತೋರಿಸಿ. ಅವು ಸರಿಯಿದ್ದರೆ ಅದನ್ನು ತೆಗೆದುಕೊಳ್ಳಿ, ಸರಿಯಿಲ್ಲದಿದ್ದರೆ ಇನ್ನೊಂದು ವರ್ಷ ಬಾಡಿಗೆ ಮನೆಯಲ್ಲೇ ಇದ್ದು ಹುಡುಕಿ. ಇಷ್ಟು ಖಚಿತವಾಗಿ ಹೇಳಲು ಕಾರಣವೇನೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮಂತೆಯೇ ಬೆಲೆಯೊಂದನ್ನೇ ಮುಂದಿಟ್ಟುಕೊಂಡು ಕೇಳುವವರು ಬಹಳ ಮಂದಿ ಇದ್ದಾರೆ.

ಮೊದಲು ಲೆಕ್ಕವನ್ನೇ ನೋಡೋಣ. ಫೈನಾನ್ಸ್ ಕಂಪನಿಯ 30 ಲಕ್ಷ ಸಾಲಕ್ಕೆ ಶೇ 11.5 ಬಡ್ಡಿಯಲ್ಲಿ 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 32,000 ರೂಪಾಯಿ ಆಗುತ್ತದೆ. ಬ್ಯಾಂಕಿನ 35 ಲಕ್ಷ ಸಾಲಕ್ಕೆ ಶೇ 8.5ರಲ್ಲಿ, ಅಷ್ಟೇ ಅವಧಿಗೆ, ಕಂತು ಸುಮಾರು 30,400 ರೂಪಾಯಿ. ಅಂದರೆ ಆರು ಲಕ್ಷ ಅಗ್ಗದ ಮನೆಗೆ ನೀವು ಪ್ರತಿ ತಿಂಗಳೂ ಹೆಚ್ಚು ಕಟ್ಟುತ್ತೀರಿ, ಅದೂ ಐದು ಲಕ್ಷ ಕಡಿಮೆ ಸಾಲ ಪಡೆದು. ಇಪ್ಪತ್ತು ವರ್ಷ ಬಡ್ಡಿದರ ಹೀಗೆಯೇ ಇದ್ದರೆ ಕಂತುಗಳ ಮೊತ್ತದಲ್ಲಿ ಸುಮಾರು 3.9 ಲಕ್ಷದಷ್ಟು ವ್ಯತ್ಯಾಸ ಬೀಳುತ್ತದೆ. ಬಿ-ಖಾತಾ ಮನೆಯ ಅಗ್ಗದ ಬೆಲೆ ಎಲ್ಲಿ ಕರಗಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಹಳೆಯ ಫ್ಲ್ಯಾಟಿಗೆ ಕೈಯಿಂದ ಹಾಕಬೇಕಾದ ಹಣ ಹೆಚ್ಚು ಎಂಬುದು ನಿಜ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 80 ಮೀರುವಂತಿಲ್ಲ, ಮತ್ತು ಈ ಮೌಲ್ಯಕ್ಕೆ ಮುದ್ರಾಂಕ ಶುಲ್ಕ ಹಾಗೂ ನೋಂದಣಿ ಖರ್ಚನ್ನು ಸೇರಿಸುವಂತಿಲ್ಲ. ಆದ್ದರಿಂದ 9 ಲಕ್ಷವನ್ನು ನೀವೇ ಹೊಂದಿಸಬೇಕು; ಅದರ ಮೇಲೆ ಶೇ 5 ಮುದ್ರಾಂಕ ಶುಲ್ಕ, ಆ ಶುಲ್ಕದ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ, ಎಲ್ಲ ಸೇರಿ ಶೇ 7.6, ಅಂದರೆ ಸುಮಾರು 3.35 ಲಕ್ಷ. (45 ಲಕ್ಷದೊಳಗಿನ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ 3 ಮಾತ್ರ ಎಂದು ಯಾರಾದರೂ ಹೇಳಿರಬಹುದು, 35 ಲಕ್ಷ ದಾಟಿದ ಫ್ಲ್ಯಾಟುಗಳಿಗೆ ಆ ರಿಯಾಯಿತಿ ಇರುವುದು ಮೊದಲ ಸಲ ನೋಂದಣಿಯಾಗುವಾಗ, ಮರುಮಾರಾಟಕ್ಕಲ್ಲ.) ಒಟ್ಟು 12.35 ಲಕ್ಷ ಹೋದ ಮೇಲೆ ನಿಮ್ಮ ಬಳಿ ಎರಡೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಅದನ್ನು ಮಾಡ್ಯುಲರ್ ಕಿಚನ್‌ಗೆ ಸುರಿಯದೆ ಆರು ತಿಂಗಳ ಕಂತಿನಷ್ಟನ್ನು ಹಾಗೇ ಬ್ಯಾಂಕಿನಲ್ಲಿ ಬಿಡಿ. ಇಬ್ಬರ ಸಂಬಳದ ಮೇಲೆ ನಿಂತ ಸಂಸಾರದಲ್ಲಿ ಒಬ್ಬರು ಮಗುವಿಗಾಗಿ ಕೆಲವು ಕಾಲ ಕೆಲಸ ಬಿಡಬೇಕಾಗಿ ಬರುವುದು ಅಪರೂಪವೇನಲ್ಲ.

ಈಗ ಖಾತೆಯ ವಿಷಯ. ನೀವಿರುವ ದಾಸರಹಳ್ಳಿ ಒಂದು ಕಾಲಕ್ಕೆ ಬೇರೆಯೇ ನಗರಸಭೆಯಾಗಿತ್ತು. 2007ರಲ್ಲಿ ಇಂತಹ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಹಳೆಯ ಮಹಾನಗರ ಪಾಲಿಕೆಗೆ ಸೇರಿಸಿ ಬಿಬಿಎಂಪಿ ಮಾಡಿದಾಗ, ಭೂಪರಿವರ್ತನೆಯಾಗದ, ಅಂದರೆ ದಾಖಲೆಯಲ್ಲಿ ಇನ್ನೂ ಕೃಷಿಯದ್ದೇ ಆಗಿದ್ದ ಜಮೀನಿನಲ್ಲಿ ಎದ್ದ ಬಡಾವಣೆಗಳು, ನಕ್ಷೆ ಮೀರಿ ಕಟ್ಟಿದ ಕಟ್ಟಡಗಳು ಸಾವಿರಾರು ಇದ್ದವು. ಅವುಗಳನ್ನು ಸಕ್ರಮವೆಂದು ಒಪ್ಪುವಂತಿರಲಿಲ್ಲ, ತೆರಿಗೆ ಬಿಡುವಂತೆಯೂ ಇರಲಿಲ್ಲ. ಆದ್ದರಿಂದ ತೆರಿಗೆ ವಸೂಲಿಗೆಂದು ಇಟ್ಟ ಪ್ರತ್ಯೇಕ ವಹಿಯೇ ಜನರ ಬಾಯಲ್ಲಿ ಬಿ-ಖಾತಾ ಆಯಿತು. ಖಾತೆ ಯಾವುದೇ ಇರಲಿ, ಅದು ಒಡೆತನದ ಹಕ್ಕುಪತ್ರವಲ್ಲ, ತೆರಿಗೆ ಕಟ್ಟುವವರು ಯಾರೆಂಬ ದಾಖಲೆ. ಹಕ್ಕು ಬರುವುದು ನೋಂದಾಯಿತ ಕ್ರಯಪತ್ರದಿಂದ. ಆದರೆ ಬಿ-ಖಾತಾ ಎಂದರೆ ಆ ಆಸ್ತಿಯಲ್ಲಿ ಏನೋ ಒಂದು ಕೊರತೆ ಇದೆ ಎಂದು ಪಾಲಿಕೆಯೇ ಬರೆದಿಟ್ಟುಕೊಂಡಿದೆ ಎಂದರ್ಥ, ಮತ್ತು ನಿಮ್ಮ ವಿಷಯದಲ್ಲಿ ಆ ಕೊರತೆ ಏನೆಂಬುದು ಗೊತ್ತೇ ಇದೆ: ನೀವು ನೋಡಿದ ಮೂರನೇ ಮಹಡಿ ನಕ್ಷೆಯಲ್ಲೇ ಇಲ್ಲ.

“ನಾಳೆ ಸಕ್ರಮ ಆಗುತ್ತದೆ” ಎಂದು ಮಧ್ಯವರ್ತಿಗಳು ಹೇಳಿಯೇ ಹೇಳುತ್ತಾರೆ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಪಡೆದು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. ಅದನ್ನೇ ನಂಬಿ ಮನೆ ಕೊಂಡು ವರ್ಷಗಟ್ಟಲೆ ಕಾದವರಿದ್ದಾರೆ. 2025ರಲ್ಲಿ ಬಿ-ಖಾತಾ ನಿವೇಶನಗಳನ್ನು ಶುಲ್ಕ ಪಡೆದು ಎ-ಖಾತಾ ಮಾಡುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದ್ದು ನಿಜ. ಆದರೆ ನಿವೇಶನದ ಖಾತೆ ಬದಲಾಗುವುದೂ ಅದರ ಮೇಲೆ ಅನುಮತಿಯಿಲ್ಲದೆ ಎದ್ದ ಮಹಡಿ ಕಾನೂನುಬದ್ಧವಾಗುವುದೂ ಬೇರೆ ಬೇರೆ ಸಂಗತಿಗಳು. ಇ-ಖಾತಾ (ಖಾತೆಯ ಡಿಜಿಟಲ್ ರೂಪ) ಬಂದಿದೆ, ನೋಂದಣಿಯೂ ಆಗುತ್ತದೆ ಎಂಬ ಸಮಾಧಾನಕ್ಕೂ ಅರ್ಥವಿಲ್ಲ: ಬಿ-ಖಾತಾಗೂ ಇ-ಖಾತಾ ಸಿಗುತ್ತದೆ, ಉಪನೋಂದಣಾಧಿಕಾರಿಯ ಕಚೇರಿ ಕ್ರಯಪತ್ರವನ್ನು ನೋಂದಾಯಿಸುತ್ತದೆಯೇ ಹೊರತು ಮಾರುವವರ ಹಕ್ಕು ಶುದ್ಧವಾಗಿದೆ ಎಂದು ಖಾತರಿ ಕೊಡುವುದಿಲ್ಲ.

ಒಸಿಯ ವಿಚಾರ ಇದಕ್ಕಿಂತ ಗಂಭೀರ. ಸ್ವಾಧೀನಾನುಭವ ಪ್ರಮಾಣಪತ್ರ ಎಂಬ ಭಾರದ ಹೆಸರಿನ ಆ ಕಾಗದ ಹೇಳುವುದು ಇಷ್ಟೇ: ಕಟ್ಟಡವನ್ನು ಒಪ್ಪಿಗೆ ಪಡೆದ ನಕ್ಷೆಯಂತೆ ಕಟ್ಟಲಾಗಿದೆ, ಇಲ್ಲಿ ಜನ ವಾಸಿಸಬಹುದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನಧಿಕೃತ ನಿರ್ಮಾಣಗಳ ಪ್ರಕರಣವೊಂದರಲ್ಲಿ, ಪೂರ್ಣತೆ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ನಿರ್ದೇಶನ ನೀಡಿತು. ಆ ಬಳಿಕ ಬೆಂಗಳೂರಿನಲ್ಲಿ ಒಸಿ ಇಲ್ಲದ ಹೊಸ ಕಟ್ಟಡಗಳಿಗೆ ಕಾಯಂ ವಿದ್ಯುತ್ ಸಂಪರ್ಕ ಸಿಗದೆ ಜನ ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂದಿದೆ. ನಿಮ್ಮ ಬಿಲ್ಡರ್ ತೋರಿಸಿದ ಮನೆಯಲ್ಲಿ ದೀಪ ಉರಿಯುತ್ತಿರಬಹುದು. ಅದು ಕಟ್ಟಡ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕವೋ ಕಾಯಂ ಮೀಟರೋ ಎಂದು ಕೇಳಿದ್ದೀರಾ?

ಕಾಗದದ ಕೊರತೆ ಗೋಡೆಯ ಸುರಕ್ಷತೆಯನ್ನೂ ಮುಟ್ಟುತ್ತದೆ. ಎರಡು ಮಹಡಿಗೆಂದು ಲೆಕ್ಕ ಹಾಕಿದ ಪಾಯ ಮತ್ತು ಕಂಬಗಳ ಮೇಲೆ ಮೂರನೆಯದನ್ನು, ಅದರ ಮೇಲೆ ನೀರಿನ ಟ್ಯಾಂಕನ್ನು ಏರಿಸಿದಾಗ ಅದಕ್ಕೆ ಎಂಜಿನಿಯರ್ ಯಾರು ಸಹಿ ಹಾಕಿದ್ದಾರೆ ಎಂಬ ಪ್ರಶ್ನೆಗೆ ಇಂಥ ಕಟ್ಟಡಗಳಲ್ಲಿ ಉತ್ತರ ಸಿಗುವುದು ಕಷ್ಟ. 2024ರ ಅಕ್ಟೋಬರ್‌ನ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡದ್ದನ್ನು ನೀವು ಮರೆತಿರಲಾರಿರಿ. ದೊಡ್ಡ ಯೋಜನೆಗಳಲ್ಲಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ರಕ್ಷಣೆ ಇರುತ್ತದೆ: ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಆದರೆ 500 ಚದರ ಮೀಟರ್ ಮೀರದ ಜಾಗಕ್ಕೆ ಅಥವಾ ಎಂಟು ಮನೆ ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. 40x60 ನಿವೇಶನ ಸುಮಾರು 223 ಚದರ ಮೀಟರ್, ಮನೆಗಳು ಸರಿಯಾಗಿ ಎಂಟು. ಈ ಎಂಟು ಎಂಬ ಸಂಖ್ಯೆ ಕಾಕತಾಳೀಯವೆಂದು ನನಗಂತೂ ಅನ್ನಿಸುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಫ್ಲ್ಯಾಟನ್ನು ಕಣ್ಣು ಮುಚ್ಚಿ ಕೊಳ್ಳಬೇಕೆಂದಲ್ಲ. “ಪೇಪರ್ಸ್ ಎಲ್ಲಾ ಕ್ಲಿಯರ್ ಇದೆ ಸಾರ್” ಎಂಬ ಮಾತನ್ನು ಎ-ಖಾತಾ ಮಾರುವವರೂ ಆಡುತ್ತಾರೆ. ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ ಎಂದು ಸುಮ್ಮನಾಗಬೇಡಿ. ಅವರು ನೋಡುವುದು ಬ್ಯಾಂಕಿನ ಹಿತವನ್ನು. ನಿಮ್ಮದೇ ವಕೀಲರೊಬ್ಬರಿಗೆ ಶುಲ್ಕ ಕೊಟ್ಟು ಮೂಲಪತ್ರದಿಂದ ಇಂದಿನ ಮಾಲೀಕರವರೆಗಿನ ಕ್ರಯಪತ್ರಗಳ ಸರಣಿ, ಜಮೀನಿನ ಭೂಪರಿವರ್ತನೆ ಆದೇಶ, 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ), ಒಪ್ಪಿಗೆಯಾದ ನಕ್ಷೆ ಮತ್ತು ಒಸಿಯನ್ನು ಓದಿಸಿ. 2004ರಿಂದೀಚಿನ ಇ.ಸಿ.ಯನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ತೆಗೆಯಬಹುದು. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕಾಗುತ್ತದೆ. ವಕೀಲರಿಗೆ ಎರಡು ಸಂಗತಿಯನ್ನು ಹೆಸರು ಹಿಡಿದು ಕೇಳಿ. ಸರಣಿಯ ನಡುವೆ ಎಲ್ಲಾದರೂ ಕ್ರಯಪತ್ರವಿಲ್ಲದೆ ಕೇವಲ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರಾಟ ನಡೆದಿದೆಯೇ? ಅಂತಹ ವ್ಯವಹಾರದಿಂದ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದೇ? ಹಾಗಿದ್ದು, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಾಟವಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಅದು ಮೂಲ ಮಂಜೂರಾತಿದಾರರ ಕುಟುಂಬಕ್ಕೆ ಮರಳಬಹುದು. ಆ ಕಾಯ್ದೆ ಇರುವುದು ನ್ಯಾಯವಾಗಿಯೇ, ತಿಳಿಯದೆ ಕೊಂಡವರು ಮಾತ್ರ ನಡುವೆ ಸಿಕ್ಕಿಬೀಳುತ್ತಾರೆ. ಮಾರುವವರ ಮೇಲೆ ಸಾಲ ಉಳಿದಿದೆಯೇ, ಅಪಾರ್ಟ್‌ಮೆಂಟ್ ಸಂಘಕ್ಕೆ ನಿರ್ವಹಣಾ ಶುಲ್ಕದ ಬಾಕಿ ಇದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪನ್ನು ಫೋನಿಗೆ ಹಾಕಿಕೊಂಡು ಕಟ್ಟಡದ ಮುಂದೆ ನಿಂತರೆ ಅದು ಯಾವ ಸರ್ವೆ ನಂಬರಿನಲ್ಲಿದೆ, ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆಯೋ ರಾಜಕಾಲುವೆಯೋ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಎಷ್ಟು ಸಮೀಪವಿದೆ ಎಂಬುದು ಕಾಣುತ್ತದೆ. ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ರಂತೆ ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಮೀಸಲು ವಲಯ ಬಿಡಬೇಕು. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿ ಬಂದಾಗ ಕೈಯಲ್ಲಿ ಕ್ರಯಪತ್ರ, ತೆರಿಗೆ ರಸೀದಿ ಹಿಡಿದು ನಿಂತವರ ಮನೆಗಳೂ ಉರುಳಿದವು. ಕಾನೂನನ್ನು ಬದಿಗಿಟ್ಟರೂ, ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬರುತ್ತದೆ ಎಂಬುದನ್ನು 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆಯ ದುಬಾರಿ ಬಡಾವಣೆಗಳೇ ಕಂಡವು. ಜೋರು ಮಳೆ ಬಂದ ಸಂಜೆ ಒಮ್ಮೆ ಆ ಬೀದಿಗೆ ಹೋಗಿ ನೋಡಿ.

ಹಾಗೆಯೇ ಮಗಳ ಕಣ್ಣಿನ ಎತ್ತರದಿಂದ ಮನೆಯನ್ನು ನೋಡಿ. ನೆಲಮಾಳಿಗೆಯ ಅಥವಾ ಅಂಗಳದ ನೀರಿನ ಸಂಪ್‌ಗೆ ಭಾರವಾದ, ಬೀಗ ಹಾಕಬಲ್ಲ ಮುಚ್ಚಳ ಇದೆಯೇ? ತೆರೆದ ಸಂಪ್‌ಗೆ ಬಿದ್ದು ಮಕ್ಕಳು ಸಾಯುವ ಸುದ್ದಿ ನಮ್ಮ ಊರಿನಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಟೆರೇಸಿನಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹೈಟೆನ್ಷನ್ ತಂತಿ ಹೋಗಿದೆಯೇ? ಬಾಲ್ಕನಿ ಕಂಬಿಗಳ ನಡುವೆ ಪುಟ್ಟ ತಲೆ ತೂರುತ್ತದೆಯೇ, ಕಿಟಕಿಯ ಗ್ರಿಲ್‌ಗಳಲ್ಲಿ ಒಂದಾದರೂ ಒಳಗಿನಿಂದ ತೆರೆಯುವಂತಿದೆಯೇ? ಹನ್ನೊಂದು ವರ್ಷದ ಕಟ್ಟಡವಾದ್ದರಿಂದ ಬಚ್ಚಲಿನ ಹಿಂದಿನ ಗೋಡೆ ಒಸರುತ್ತಿದೆಯೇ, ನೆಲಮಾಳಿಗೆಯ ಕಂಬಗಳಲ್ಲಿ ಸಿಮೆಂಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದೆಯೇ ಎಂದು ನೋಡಿ. ಮೊದಲನೆಯದು ಚೌಕಾಸಿಗೆ ಕಾರಣ, ಎರಡನೆಯದು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆತರಬೇಕಾದ ಕಾರಣ. ನೀರಿನ ಬಗ್ಗೆ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ: ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ತಲಾ ಎಷ್ಟು ಹೋಯಿತು. ಆ ಮೊತ್ತವನ್ನೂ ನಿರ್ವಹಣಾ ಶುಲ್ಕವನ್ನೂ ಕಂತಿಗೆ ಸೇರಿಸಿ ಲೆಕ್ಕ ಹಾಕಿ.

ಸರ್ಕಾರದ ನೆರವಿನ ಬಗ್ಗೆ ಎರಡು ಮಾತು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0ರಲ್ಲಿ ಗರಿಷ್ಠ 1.80 ಲಕ್ಷದ ಬಡ್ಡಿ ಸಹಾಯಧನವಿದೆ, ಆದರೆ ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆಯ ಮೌಲ್ಯ 35 ಲಕ್ಷದೊಳಗೆ ಇರಬೇಕು; ನೀವು ಎರಡನ್ನೂ ದಾಟಿದ್ದೀರಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಟ್ಟಿದ ಫ್ಲ್ಯಾಟುಗಳನ್ನು ಒಮ್ಮೆ ವಿಚಾರಿಸಬಹುದು; ತುಮಕೂರು ರಸ್ತೆಯ ಆಚೆಗಿನ ಆಲೂರಿನಲ್ಲಿ ಅವು ಇವೆ, ಮೆಟ್ರೊ ಕೂಡ 2024ರ ನವೆಂಬರ್‌ನಿಂದ ಮಾದಾವರದವರೆಗೆ ಓಡುತ್ತಿದೆ. ದೂರ ಮತ್ತು ಮಗಳ ಶಾಲೆ ನಿಮಗೆ ಒಗ್ಗುವುದಾದರೆ ಅಲ್ಲಿ ಹಕ್ಕಿನ ತಕರಾರು ಕಡಿಮೆ.

ಬಾಡಿಗೆ ಕಟ್ಟುವುದು ದುಡ್ಡು ದಂಡ ಎಂದು ಹಿರಿಯರು ಹೇಳಿ ಹೇಳಿ ನಿಮ್ಮಲ್ಲಿ ಅವಸರ ಹುಟ್ಟಿರಬಹುದು. 16,000 ರೂಪಾಯಿ ಬಾಡಿಗೆಗೆ ಇನ್ನೊಂದು ವರ್ಷ ಕಾದರೆ ಖರ್ಚಾಗುವುದು 1.92 ಲಕ್ಷ; ಬ್ಯಾಂಕು ಮುಟ್ಟದ ಮನೆಯನ್ನು ಮುಂದೆ ಮಾರಲು ಹೊರಟಾಗ, ಕೊಳ್ಳುವವರಿಗೂ ಸಾಲ ಸಿಗದೆ ಬೆಲೆ ಇಳಿಯುವುದು ಇದರ ಎಷ್ಟೋ ಪಾಲು.

ಹಳೆಯ ಫ್ಲ್ಯಾಟು ಒಪ್ಪಿಗೆಯಾದರೆ ಟೋಕನ್ ಹಣವನ್ನು ನಗದಾಗಿ ಕೊಡದೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಕ್ರಯದ ಕರಾರಿನಲ್ಲಿ, ಹಕ್ಕುಪತ್ರಗಳಲ್ಲಿ ದೋಷ ಕಂಡುಬಂದರೆ ಅಥವಾ ಆ ಕಾರಣಕ್ಕೆ ಬ್ಯಾಂಕ್ ಸಾಲ ನಿರಾಕರಿಸಿದರೆ ಮುಂಗಡವನ್ನು ಪೂರ್ತಿಯಾಗಿ, ಇಷ್ಟು ದಿನದೊಳಗೆ ಮರಳಿಸಬೇಕು ಎಂಬ ಸಾಲನ್ನು ದಿನಗಳ ಸಂಖ್ಯೆ ಸಹಿತ ಬರೆಸಿ, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಕರಾರು ಮಾಡಿಸಿ. ಆ ಸಾಲನ್ನು ಸೇರಿಸಲು ಮಾರುವವರು ಒಪ್ಪದಿದ್ದರೆ ಆ ಮನೆಯನ್ನೂ ಬಿಟ್ಟು ಮುಂದಕ್ಕೆ ಹೋಗಿ.