ತಂತಿಯಲ್ಲಿ ಸಿಕ್ಕ ದನಿ

1949ರ ಡಿಸೆಂಬರ್. ಅಮೆರಿಕದ ನ್ಯೂವಾರ್ಕ್ ನಗರದ ಒಂದು ಸಣ್ಣ ಸಭಾಂಗಣದಲ್ಲಿ ಜಾನಪದ ಗಾಯಕ ವುಡಿ ಗಥ್ರಿ ಗಿಟಾರ್ ಹಿಡಿದು ಹಾಡುತ್ತಿದ್ದರು. ಕೇಳಲು ಬಂದಿದ್ದ ಕಾಲೇಜು ಹುಡುಗನೊಬ್ಬ ಅದನ್ನು ರೆಕಾರ್ಡ್ ಮಾಡಿಕೊಂಡ. ಅವನ ಯಂತ್ರದಲ್ಲಿ ಟೇಪ್ ಇರಲಿಲ್ಲ. ಇದ್ದದ್ದು ಉಕ್ಕಿನ ತಂತಿ.

ಅಮೆರಿಕದಲ್ಲಿ ಜಾನಪದ ಹಾಡಿಗೆ ಮತ್ತೆ ಜೀವ ಬಂದದ್ದರಲ್ಲಿ ಗಥ್ರಿ ಅವರ ಪಾಲು ಬಹಳ ದೊಡ್ಡದು. ಮುಂದೆ ಹೆಸರಾಂತ ಹಾಡುಗಾರರಾದ ಬಾಬ್ ಡಿಲನ್ 1961ರಲ್ಲಿ ನ್ಯೂಯಾರ್ಕಿಗೆ ಬಂದವರೇ ಇವರನ್ನು ಹುಡುಕಿಕೊಂಡು ಹೋದರು. ಗಥ್ರಿ ಅವರ ಸ್ಟುಡಿಯೋ ರೆಕಾರ್ಡಿಂಗ್‌ಗಳು 1940ರಿಂದಲೇ ಇವೆ. ಆದರೆ ಜನರ ಮುಂದೆ ಕೂತು ಹಾಡುತ್ತಾ, ನಡುನಡುವೆ ದೂಳಿನ ಬಿರುಗಾಳಿಯ ಕಥೆ, ಅಣೆಕಟ್ಟಿನ ಕಥೆ ಹೇಳುವ ಗಥ್ರಿ ಸಿಗುವುದು ತೀರಾ ಅಪರೂಪ. ಹಾಗಾಗಿಯೇ ಆ ತಂತಿಗೆ ಅಷ್ಟು ಬೆಲೆ.

ತಂತಿಗೆ ಮಾತು ಹಿಡಿಸಬಹುದು ಎಂದು ತೋರಿಸಿದವರು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್, 1898ರಲ್ಲಿ. ಮೈಕಿನಿಂದ ಬರುವ ವಿದ್ಯುತ್ತು ಒಂದು ಪುಟ್ಟ ವಿದ್ಯುತ್ಕಾಂತದ ಬಲವನ್ನು ಏರಿಸಿ ಇಳಿಸುತ್ತದೆ. ಅದನ್ನು ಸವರಿಕೊಂಡು ಹೋಗುವ ತಂತಿಯಲ್ಲಿ ಆ ಏರಿಳಿತದ ಗುರುತು ಉಳಿಯುತ್ತದೆ. 1940ರ ದಶಕದ ಯಂತ್ರಗಳಲ್ಲಿ ತಂತಿಯ ದಪ್ಪ ಸುಮಾರು 0.1 ಮಿಲಿಮೀಟರ್, ಹೆಚ್ಚುಕಡಿಮೆ ತಲೆಕೂದಲಿನಷ್ಟು. ಸೆಕೆಂಡಿಗೆ ಸುಮಾರು 61 ಸೆಂಟಿಮೀಟರ್ ಓಡುತ್ತಿತ್ತು. ಒಂದು ಗಂಟೆಯ ಕಾರ್ಯಕ್ರಮಕ್ಕೆ 2 ಕಿಲೋಮೀಟರಿಗೂ ಜಾಸ್ತಿ ತಂತಿ!

ತೊಂದರೆ ಇರುವುದೂ ಈ ತಂತಿಯಲ್ಲೇ. ಅದು ಸುಮ್ನೆ ಸಿಕ್ಕಾಗುತ್ತದೆ. ತುಂಡಾದರೆ ಎರಡು ತುದಿ ಸೇರಿಸಿ ಗಂಟು ಹಾಕಬೇಕು. ಓಡುವಾಗ ತಿರುಚಿಕೊಳ್ಳುತ್ತದೆ, ಆಗ ಸೂಕ್ಷ್ಮ ದನಿಗಳು ಮಂಕಾಗುತ್ತವೆ. ಎಲ್ಲಕ್ಕಿಂತ ದೊಡ್ಡ ತಲೆನೋವು ವೇಗದ್ದು. ತಂತಿಯನ್ನು ಎಳೆಯುವುದು ಅದನ್ನು ಸುತ್ತಿಕೊಳ್ಳುವ ಉರುಳೆಯೇ. ತಂತಿ ತುಂಬಿದಂತೆ ಉರುಳೆ ದಪ್ಪವಾಗುತ್ತದೆ, ವೇಗವೂ ಏರುತ್ತದೆ. ಅರ್ಧ ಶತಮಾನ ಕಳೆದ ಮೇಲೆ, ಎಳೆದಾಡಿ ಹಿಗ್ಗಿದ ತಂತಿಯನ್ನು ಬೇರೆ ಯಂತ್ರದಲ್ಲಿ ಓಡಿಸಿದರೆ ಹಳೆಯ ವೇಗ ಸಿಗುವುದಾದರೂ ಹೇಗೆ?

ವೇಗ ನೂರಕ್ಕೆ ಆರರಷ್ಟು ಏರಿದರೆ ಸಾಕು, ಶ್ರುತಿ ಅರ್ಧ ಸ್ವರ ಮೇಲೆ ಹೋಗುತ್ತದೆ. ಅಂದರೆ ಸುಮಾರಾಗಿ ಕರ್ನಾಟಕ ಸಂಗೀತದ ಷಡ್ಜದಿಂದ ಶುದ್ಧ ರಿಷಭಕ್ಕೆ ಇರುವಷ್ಟು ಅಂತರ. ಬರೀ ಶ್ರುತಿಯಲ್ಲ, ದನಿಯ ಗುಣವೇ ಬದಲಾಗುತ್ತದೆ. ಕೇಳುವವರಿಗೆ ಯಾರೋ ಬೇರೆಯವರು ಹಾಡಿದಂತೆ ಅನಿಸುತ್ತದೆ.

ಕಿವಿಯಲ್ಲಿ ಕೇಳಿ ಸರಿಮಾಡಬಹುದಲ್ವಾ? ಅಷ್ಟು ಸುಲಭವಲ್ಲ. ಹಾಡುವವರು ತಾವೇ ಒಂದು ಪದವನ್ನು ಜಗ್ಗುತ್ತಾರೆ, ಒಂದು ಸ್ವರವನ್ನು ಬೇಕೆಂದೇ ಸ್ವಲ್ಪ ಇಳಿಸುತ್ತಾರೆ. ಆ ಜಗ್ಗಾಟವೇ ಜಾನಪದ ಹಾಡಿನ ಜೀವ. ಅದನ್ನೂ ತಪ್ಪೆಂದು ತಿದ್ದಿಬಿಟ್ಟರೆ ಉಳಿಯುವುದೇನು? ಗಾಯಕರದ್ದು ಯಾವುದು, ಯಂತ್ರದ್ದು ಯಾವುದು ಎಂದು ಬಿಡಿಸಿ ನೋಡಲೇಬೇಕು. ಅದಕ್ಕೊಂದು ದಾರಿ ಇದೆ. ಗಾಯಕ ಸ್ವರ ಇಳಿಸಿದರೆ ಅವರ ದನಿ ಮಾತ್ರ ಇಳಿಯುತ್ತದೆ. ತಂತಿ ನಿಧಾನವಾದರೆ ದನಿ, ಗಿಟಾರ್, ಹಿಂದಿನ ಸಾಲಿನವರ ಕೆಮ್ಮು ಎಲ್ಲವೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ.

ಈ ಲೆಕ್ಕಕ್ಕೆ ಒಳ್ಳೆಯ ಆಸರೆ, ನಾವೆಲ್ಲ ಬೇಡವೆನ್ನುವ ಒಂದು ಸದ್ದು. ಗೋಡೆಯ ಪ್ಲಗ್ಗಿನ ಕರೆಂಟಿನಲ್ಲಿ ಓಡುವ ಹಳೆಯ ಯಂತ್ರಗಳಲ್ಲಿ ಸಣ್ಣಗೆ ‘ಗುಂಯ್’ ಎಂಬ ಗುನುಗು ಸೇರಿಕೊಳ್ಳುತ್ತದೆ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ಮಿಡಿಯುತ್ತದೆ. ಈಗ ರೆಕಾರ್ಡಿಂಗ್ ಹಾಕಿದಾಗ ಆ ಗುನುಗು 57 ಎಂದು ತೋರಿದರೆ, ಆ ಕ್ಷಣದಲ್ಲಿ ತಂತಿ ನೂರಕ್ಕೆ ಐದರಷ್ಟು ನಿಧಾನವಾಗಿದೆ ಎಂದೇ ಅರ್ಥ. ಹಾಡಿಗೂ ಅದಕ್ಕೂ ಸಂಬಂಧವಿಲ್ಲ, ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದದ್ದು ಇದೇ.

ಗಥ್ರಿ ತಂತಿ 2001ರಲ್ಲಿ ಅವರ ಹೆಸರಿನ ಪ್ರತಿಷ್ಠಾನದ ಕೈ ಸೇರಿತು. ಮೊದಲು ಅದನ್ನು ಹುಷಾರಾಗಿ ಬಿಡಿಸಿ ಡಿಜಿಟಲ್ ಮಾಡಿದರು. ಆಮೇಲೆ ವೇಗ ತಿದ್ದುವ ಕೆಲಸದಲ್ಲಿ ಧ್ವನಿ ಎಂಜಿನಿಯರ್ ಜೇಮೀ ಹೋವರ್ತ್ ಜೊತೆ ಗಣಿತಜ್ಞ ಕೆವಿನ್ ಶಾರ್ಟ್ ಕೈಜೋಡಿಸಿದರು. ಆ ರೆಕಾರ್ಡಿಂಗಿಗೆ 2008ರಲ್ಲಿ ಗ್ರಾಮಿ ಸಂಗೀತ ಪ್ರಶಸ್ತಿ ಬಂತು. ಗಣಿತದವರೊಬ್ಬರಿಗೂ ಗ್ರಾಮಿ ಸಿಕ್ಕದ್ದು ನಿಜಕ್ಕೂ ಖುಷಿಯ ಸಂಗತಿ.

1949ರ ಆ ಕಾರ್ಯಕ್ರಮದಲ್ಲಿ ಗಥ್ರಿ ಜೊತೆ ಮಾತು ನಡೆಸುತ್ತಿದ್ದವರು ಅವರ ಹೆಂಡತಿ ಮಾರ್ಜರಿ, ತುಂಬು ಗರ್ಭಿಣಿ. ಮಗಳು ನೋರಾ ಹುಟ್ಟಿದ್ದು 1950ರ ಜನವರಿಯಲ್ಲಿ. 1952ರಲ್ಲಿ ಗಥ್ರಿ ಅವರಿಗೆ ಹಂಟಿಂಗ್ಟನ್ ಎಂಬ ವಂಶವಾಹಿ ನರರೋಗ ಇರುವುದು ಗೊತ್ತಾಯಿತು. ಅದು ಮೈಕೈಯ ಹಿಡಿತವನ್ನೂ ಮಾತನ್ನೂ ಮೆಲ್ಲಗೆ ಕಸಿಯುತ್ತದೆ. 1967ರಲ್ಲಿ ಅವರು ತೀರಿಕೊಂಡರು. ನೋರಾ ಬೆಳೆಯುತ್ತಾ ಕಂಡದ್ದು ಕಾಯಿಲೆಯ ತಂದೆಯನ್ನು. ಸಭೆಯನ್ನು ನಗಿಸುವ, ಕಥೆ ಬೆಳೆಸುವ ತಂದೆ ಸಿಕ್ಕಿದ್ದು ಈ ತಂತಿಯಲ್ಲಿ, ಅದೂ ಅವರದೇ ನಿಜವಾದ ಶ್ರುತಿಯಲ್ಲಿ.

ನಮ್ಮ ದೇಶದ ಕರೆಂಟು ಮಿಡಿಯುವುದು ಸೆಕೆಂಡಿಗೆ 50 ಸಲ. ಊರ ಜಾತ್ರೆಯಲ್ಲಿ ತುಂಬಿಕೊಂಡ ಲಾವಣಿಯದ್ದೋ ತತ್ವಪದದ್ದೋ ಹಳೆಯ ಕ್ಯಾಸೆಟ್ ನಿಮ್ಮ ಮನೆಯಲ್ಲಿದ್ದು, ಅದರಲ್ಲಿ ಆ ಗುನುಗು ಕೇಳಿಸುತ್ತಿದ್ದರೆ, ಇದೇ ಲೆಕ್ಕ ಅಲ್ಲೂ ನಡೆಯುತ್ತದೆ. ಡಿಜಿಟಲ್ ಮಾಡಿಸುವಾಗ ಸದ್ದು ತೆಗೆಯದ ಒಂದು ಪ್ರತಿಯನ್ನು ಹಾಗೇ ಇಟ್ಟುಕೊಡಿ ಎಂದು ಕೇಳಿ. ಗುನುಗನ್ನು ಒಮ್ಮೆ ಅಳಿಸಿಬಿಟ್ಟರೆ ವೇಗ ಅಳೆಯುವ ಆ ಗಡಿಯಾರವೂ ಹೋದಂತೆಯೇ.